ಹಿರಿಯರ ಮನೆಬಾಗಿಲಿಗೆ ಊಟ: ಸರ್ಕಾರದ ಹಣವೋ, ದಾನಿಗಳ ನೆರವೋ?

ವಯಸ್ಸು ಅಥವಾ ಕಾಯಿಲೆಯಿಂದಾಗಿ ಹೊರಗೆ ಹೋಗಲಾಗದ, ಒಲೆಯ ಮುಂದೆ ನಿಲ್ಲಲಾಗದ ಹಿರಿಯರಿಗೆ ಸಿದ್ಧ ಊಟವನ್ನು ಮನೆಗೇ ತಲುಪಿಸುವ ಸೇವೆಯನ್ನು ಬ್ರಿಟನ್, ಅಮೆರಿಕಗಳಲ್ಲಿ ‘ಮೀಲ್ಸ್ ಆನ್ ವೀಲ್ಸ್’ ಎನ್ನುತ್ತಾರೆ. ಇದರ ಖರ್ಚನ್ನು ಸರ್ಕಾರ ಹೊರಬೇಕೇ, ದಾನಿಗಳು ಹೊರಬೇಕೇ ಎಂಬ ಚರ್ಚೆ ಅಲ್ಲಿ ಹಳೆಯದು. ಮಕ್ಕಳು ದೂರದ ಊರು ಸೇರಿ, ವಯಸ್ಸಾದ ತಂದೆ-ತಾಯಿ ಇಬ್ಬರೇ ಉಳಿದ ಮನೆಗಳು ನಮ್ಮ ಸಮಾಜದಲ್ಲೂ ಇರುವುದರಿಂದ ಆ ದೇಶಗಳ ಅನುಭವ ನಮಗೂ ಉಪಯುಕ್ತ.

ದಾನದಿಂದ ಆರಂಭ

ಎರಡೂ ದೇಶಗಳಲ್ಲಿ ಈ ಸೇವೆಯನ್ನು ಮೊದಲು ಆರಂಭಿಸಿದವರು ಸ್ವಯಂಸೇವಕರು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟನ್ನಿನ ಮಹಿಳಾ ಸ್ವಯಂಸೇವಾ ಸಂಘ ಹಿರಿಯರ ಮನೆಗಳಿಗೆ ಊಟ ಒಯ್ಯತೊಡಗಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1954ರಲ್ಲಿ ಸೇವೆ ಆರಂಭವಾದಾಗ ಊಟ ಹಂಚಿದವರಲ್ಲಿ ಹೆಚ್ಚಿನವರು ಹೈಸ್ಕೂಲು ವಿದ್ಯಾರ್ಥಿಗಳು.

ಸರ್ಕಾರ ಕೈಜೋಡಿಸಿದ್ದು

ಬ್ರಿಟನ್ನಿನ 1948ರ ಕಾಯ್ದೆಯು ಇಂಥ ಸಂಸ್ಥೆಗಳಿಗೆ ಹಣ ಕೊಡಲು ಸ್ಥಳೀಯ ಆಡಳಿತಗಳಿಗೆ ಅವಕಾಶ ನೀಡಿತು. ತಾವೇ ಊಟ ಒದಗಿಸುವ ಅಧಿಕಾರ ಅವಕ್ಕೆ 1962ರಲ್ಲಿ ಸಿಕ್ಕಿತು. ಆದರೆ ಕಾಯ್ದೆ ಕೊಟ್ಟದ್ದು ಅಧಿಕಾರ, ಕಡ್ಡಾಯ ಮಾಡಲಿಲ್ಲ. ಹೀಗಾಗಿ ಕೈ ಬಿಗಿಯಾದ ವರ್ಷಗಳಲ್ಲಿ ಇಂಗ್ಲೆಂಡಿನ ಅನೇಕ ಕೌನ್ಸಿಲುಗಳು ಸೇವೆಯನ್ನೇ ನಿಲ್ಲಿಸಿದವು.

ಅಮೆರಿಕದಲ್ಲಿ 1965ರ ಹಿರಿಯ ನಾಗರಿಕರ ಕಾಯ್ದೆಗೆ 1972ರಲ್ಲಿ ಊಟದ ಕಾರ್ಯಕ್ರಮ ಸೇರಿತು. ಮನೆಗೆ ತಲುಪಿಸುವ ಊಟಕ್ಕೆ 1978ರಲ್ಲಿ ಪ್ರತ್ಯೇಕ ಅನುದಾನದ ವ್ಯವಸ್ಥೆಯಾಯಿತು. ಇದು 60 ವರ್ಷ ದಾಟಿದವರಿಗೆ. ಆದಾಯ ನೋಡಿ ಯಾರನ್ನೂ ಹೊರಗಿಡುವಂತಿಲ್ಲ. ಆದರೆ ಹೆಚ್ಚು ಕಷ್ಟದಲ್ಲಿರುವವರಿಗೆ ಆದ್ಯತೆ. ಊಟ ಪಡೆಯುವವರು ಇಷ್ಟವಿದ್ದರೆ ಕಾಣಿಕೆ ಕೊಡಬಹುದು, ಕೊಡದವರಿಗೆ ಊಟ ನಿರಾಕರಿಸುವಂತಿಲ್ಲ. ಒಂದು ಊಟದಲ್ಲಿ ದಿನಕ್ಕೆ ಬೇಕಾದ ಪೋಷಕಾಂಶಗಳ ಕನಿಷ್ಠ ಮೂರನೇ ಒಂದು ಭಾಗ ಇರಬೇಕು.

ಆದರೂ ಸರ್ಕಾರದ ಹಣ ಖರ್ಚಿನ ಒಂದು ಭಾಗ ಮಾತ್ರ. ಉಳಿದದ್ದು ರಾಜ್ಯ ಮತ್ತು ಸ್ಥಳೀಯ ಆಡಳಿತಗಳು, ದಾನಿಗಳು, ಊಟ ಪಡೆಯುವವರ ಕಾಣಿಕೆಯಿಂದ ಬರುತ್ತದೆ. ಅನುದಾನ ಪ್ರತಿ ವರ್ಷ ಮಂಜೂರಾಗಬೇಕು. ಸಾಲದಿದ್ದಲ್ಲಿ ಹಿರಿಯರು ಕಾಯುವವರ ಪಟ್ಟಿಯಲ್ಲಿ ಉಳಿಯುತ್ತಾರೆ.

ಎರಡು ವರ್ಷಗಳ ಪಾಠ

2017ರ ಮಾರ್ಚಿನಲ್ಲಿ, ಕೆಲವು ಊಟ ಕೇಂದ್ರಗಳು ಬಳಸುತ್ತಿದ್ದ ಒಂದು ಅನುದಾನವನ್ನು ರದ್ದು ಮಾಡುವ ಪ್ರಸ್ತಾವ ಅಮೆರಿಕದ ಬಜೆಟ್‌ನಲ್ಲಿ ಬಂತು. ಸುದ್ದಿ ಹಬ್ಬುತ್ತಲೇ ರಾಷ್ಟ್ರೀಯ ಸಂಸ್ಥೆಗೆ ಮಾಮೂಲು ದಿನಕ್ಕಿಂತ ಸುಮಾರು 50 ಪಟ್ಟು ದಾನ ಹರಿದುಬಂತು. ಜನರ ಮನಸ್ಸು ದೊಡ್ಡದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಹಸಿವು ಸುದ್ದಿಯ ದಿನ ಮಾತ್ರ ಬರುವುದಲ್ಲ. ಸುದ್ದಿ ಮರೆಯಾದ ಮೇಲೂ ಮಧ್ಯಾಹ್ನದ ಊಟ ಹೋಗಲೇಬೇಕು.

2020ರಲ್ಲಿ ಕೊರೊನಾ ಬಂದು, ಹಿರಿಯರು ಒಟ್ಟಿಗೆ ಕೂತು ಉಣ್ಣುವ ಕೇಂದ್ರಗಳು ಮುಚ್ಚಿದವು. ಅದೇ ಮಾರ್ಚಿನಲ್ಲಿ ಅಲ್ಲಿನ ಸಂಸತ್ತು ಹಿರಿಯರ ಊಟಕ್ಕೆ ಎರಡು ಕಂತಿನಲ್ಲಿ 73 ಕೋಟಿ ಡಾಲರ್ ಹೆಚ್ಚುವರಿ ಹಣ ಮಂಜೂರು ಮಾಡಿತು. ಅಷ್ಟು ದೊಡ್ಡ ಮೊತ್ತವನ್ನು, ಅಷ್ಟು ಬೇಗ, ದೇಶದ ಮೂಲೆಮೂಲೆಗೂ ಕೊಡುವುದು ದಾನದಿಂದ ಆಗುವ ಕೆಲಸವಲ್ಲ.

ಹಣದಿಂದ ಆಗದ ಕೆಲಸ

ಸಾವಿರಾರು ಜನರಿಗೆ ಒಂದೇ ಅಡುಗೆ ಮಾಡುವ ಕಡೆ ಕಂದಮೂಲ, ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರಿಗೆ, ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವವರಿಗೆ ಬೇರೆ ಡಬ್ಬಿ ಸಿದ್ಧವಾಗುವುದು ಕಷ್ಟ. ಧಾರ್ಮಿಕ ಆಹಾರ ನಿಯಮಗಳಿಗೆ ಆದಷ್ಟು ಹೊಂದಿಕೊಳ್ಳಬೇಕೆಂದು ಅಮೆರಿಕದ ಕಾಯ್ದೆ ಹೇಳುತ್ತದೆ; ಅದನ್ನು ನಡೆಸಿಕೊಡಲು ಆಯಾ ಸಮುದಾಯದ ಅಡುಗೆಮನೆಯೇ ಬೇಕು. ಊಟ ತರುವವರ ಕಣ್ಣೂ ಮುಖ್ಯ. ನಿನ್ನೆಯ ಡಬ್ಬಿ ಹಾಗೇ ಇದ್ದರೆ, ಕರೆದರೂ ಬಾಗಿಲು ತೆರೆಯದಿದ್ದರೆ ಮೊದಲು ತಿಳಿಯುವುದು ಅವರಿಗೆ.

ನಮ್ಮಲ್ಲಿ ಬಿಟ್ಟುಹೋದ ಕೊಂಡಿ

ಪಿಂಚಣಿ ಇಲ್ಲದ 65 ದಾಟಿದ ಬಡವರಿಗೆ ತಿಂಗಳಿಗೆ 10 ಕಿಲೋ ಧಾನ್ಯ ಕೊಡುವ ಕೇಂದ್ರದ ಅನ್ನಪೂರ್ಣ ಯೋಜನೆ 2000ದಲ್ಲಿ ಬಂತು. ಕರ್ನಾಟಕದಲ್ಲಿ ಅನ್ನಭಾಗ್ಯ 2013ರಲ್ಲಿ, ಇಂದಿರಾ ಕ್ಯಾಂಟೀನ್ 2017ರಲ್ಲಿ ಆರಂಭವಾದವು. ನಮ್ಮ ಕ್ಷೇತ್ರಗಳ ಭೋಜನಶಾಲೆಗಳಲ್ಲಿ ಆಹಾರದಾನ ನಡೆದೇ ಇದೆ. ಆದರೆ ಅಕ್ಕಿಯನ್ನು ಬೇಯಿಸಬೇಕು. ಕ್ಯಾಂಟೀನಿಗೂ ಭೋಜನಶಾಲೆಗೂ ನಡೆದು ಹೋಗಬೇಕು. ಇವೆರಡೂ ಆಗದ ಹಿರಿಯರು ಎಲ್ಲ ಏರ್ಪಾಡುಗಳ ಹೊರಗೆ ಉಳಿಯುತ್ತಾರೆ.

ಈ ಕೊಂಡಿ ಬೆಸೆಯಲು ಎರಡೂ ಬೇಕು. ದಿನ ತಪ್ಪದ ಹಣ ಸರ್ಕಾರದ ಹೊಣೆ. ಅದನ್ನು ಕೇಳುವುದು ಭಿಕ್ಷೆಯಲ್ಲ. ನಿಯಮಕ್ಕೆ ತಕ್ಕ ಅಡುಗೆ, ಬಾಗಿಲವರೆಗಿನ ನಡಿಗೆ, ಎರಡು ಮಾತು ಸಮಾಜದ ಪಾಲು.

ಬಸದಿ ಟ್ರಸ್ಟ್, ಮಹಿಳಾ ಸಮಾಜ ಅಥವಾ ಯುವಕ ಸಂಘ ಇಂಥ ಸೇವೆ ಆರಂಭಿಸುವ ಮುನ್ನ ಇವನ್ನು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು:

• ಇಡೀ ವರ್ಷದ ಖರ್ಚಿಗೆ ಹಣ ಎಲ್ಲಿಂದ? ಹುಟ್ಟುಹಬ್ಬ, ಪುಣ್ಯತಿಥಿಯ ಒಂದು ದಿನದ ದಾನ ಉಳಿದ ದಿನಗಳಿಗೆ ಸಾಲದು.
• ಹಬ್ಬ, ರಜೆ, ಮಳೆಯ ದಿನ ಊಟ ಯಾರು ಒಯ್ಯುತ್ತಾರೆ?
• ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ, ಹಲ್ಲಿಲ್ಲದವರಿಗೆ ಬೇರೆ ಅಡುಗೆ ಇದೆಯೇ?
• ಬಾಗಿಲು ತೆರೆಯದಿದ್ದರೆ ಯಾರಿಗೆ ಫೋನ್ ಮಾಡಬೇಕು?

ಹಿರಿಯರಿಗೆ ಸಿಗುವ ಸರ್ಕಾರಿ ಸೌಲಭ್ಯಗಳ ಮಾಹಿತಿಗೆ ರಾಷ್ಟ್ರೀಯ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ಕರೆ ಉಚಿತ.