ತಾಯಿಯ ಖಿನ್ನತೆ ಮತ್ತು ಮಕ್ಕಳ ವರ್ತನೆ: ಅಧ್ಯಯನದ ಇತಿಹಾಸ

ಬಾಣಂತಿಯರ ಚಿತ್ತವಿಕಾರಗಳನ್ನು ಕುರಿತು ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲಿಯೇ ಗ್ರಂಥವೊಂದನ್ನು ರಚಿಸಿದ್ದನಾದರೂ, ಆ ವ್ಯಾಧಿಯು ತೊಟ್ಟಿಲಿನ ಶಿಶುವನ್ನು ಹೇಗೆ ಮುಟ್ಟುವುದೆಂಬ ಜಿಜ್ಞಾಸೆಗೆ ದಾರಿಯಾದುದು 1951ರಲ್ಲಿ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಿಂದ. ಬೌಲ್ಬಿಯ ಗಮನವಿದ್ದುದು ತಾಯಿಯನ್ನು ಅಗಲಿದ ಮಕ್ಕಳ ಮೇಲೆ. ಎದುರಿಗೇ ಇದ್ದೂ ಸ್ಪಂದಿಸದ ತಾಯಿಯೆಂದರೇನೆಂಬುದನ್ನು ಪ್ರತ್ಯಕ್ಷ ತೋರಿಸಿದ್ದು 1978ರಲ್ಲಿ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ಸ್ವಸ್ಥಳಾದ ತಾಯಿಯೊಬ್ಬಳು ಹೇಳಿದಂತೆ ಕೆಲವು ನಿಮಿಷ ನಿರ್ಭಾವಳಾಗಿ ಕುಳಿತಾಗ, ಕೂಸು ಮೊದಲು ನಕ್ಕು ಸ್ವಾಗತಿಸಿ, ಉತ್ತರ ದೊರೆಯದೆ ಗಂಭೀರವಾಗಿ, ಮತ್ತೆ ಮತ್ತೆ ಅವಳತ್ತ ನೋಡಿ, ಕಡೆಗೆ ಮುಖ ಮೈ ಎರಡನ್ನೂ ತಿರುಗಿಸಿಕೊಳ್ಳುತ್ತಿತ್ತು.

ತಾಯಿ ಖಿನ್ನಳಾದರೆ ಗಂಡುಮಕ್ಕಳು ಪುಂಡರಾಗುವರು, ಹೆಣ್ಣುಮಕ್ಕಳು ಮಂಕಾಗುವರು ಎಂಬ ಸೂತ್ರ ಬಹುಕಾಲದಿಂದ ಪ್ರಚಲಿತವಾಗಿದ್ದರೂ ಸಾಕ್ಷ್ಯವು ಅಷ್ಟು ಸರಳವಲ್ಲ. ಹೆರಿಗೆಯ ನಂತರದ ಮೊದಲ ವರ್ಷದಲ್ಲಿ ಖಿನ್ನರಾಗಿದ್ದ ದಕ್ಷಿಣ ಲಂಡನ್ನಿನ ತಾಯಂದಿರ ಗಂಡುಮಕ್ಕಳು ನಾಲ್ಕು ವರ್ಷ ತುಂಬುವ ಹೊತ್ತಿಗೆ ಬುದ್ಧಿಪರೀಕ್ಷೆಗಳಲ್ಲಿ ಗಣನೀಯವಾಗಿ ಹಿಂದುಳಿದಿದ್ದರೆಂದೂ, ಹೆಣ್ಣುಮಕ್ಕಳಲ್ಲಿ ಅಂಥ ಕೊರತೆ ಇರಲಿಲ್ಲವೆಂದೂ ಡೆಬೊರಾ ಶಾರ್ಪ್ ಮತ್ತು ಸಹಸಂಶೋಧಕರು 1995ರಲ್ಲಿ ತಿಳಿಸಿದರು. ಮರುವರ್ಷವೇ ಲಿನ್ ಮರ್ರೆ ಮತ್ತು ಸಂಗಡಿಗರು, ತಕ್ಕಮಟ್ಟಿಗೆ ಅನುಕೂಲಸ್ಥವಾದ ಕೇಂಬ್ರಿಡ್ಜಿನ ಕುಟುಂಬಗಳ ಐದು ವರ್ಷದ ಗಂಡುಮಕ್ಕಳಲ್ಲಿಯೂ ಆ ಕೊರತೆಯನ್ನು ಕಾಣಲಿಲ್ಲ. ಬಡತನ ಮಾಡಿದ ಹಾನಿಯಲ್ಲಿ ಒಂದು ಪಾಲು ಖಿನ್ನತೆಯ ಲೆಕ್ಕಕ್ಕೆ ಸೇರಿಹೋಗಿರಬಹುದೆಂಬ ಶಂಕೆ ಇಲ್ಲಿ ಸಕಾರಣವಾದುದು. ಮಗನ ಹಟವನ್ನೂ ಮಗಳ ಮೌನವನ್ನೂ ಖಿನ್ನಳಾದ ತಾಯಿಯೇ ವರದಿಮಾಡುವಾಗ ಅವಳ ವ್ಯಾಧಿ ಆ ಚಿತ್ರಕ್ಕೆ ಎಷ್ಟು ಕಪ್ಪು ಬಳಿಯುತ್ತದೆಂಬ ವಿವಾದವೂ 1980ರ ದಶಕದಿಂದ ನಡೆದುಬಂದಿದೆ. 193 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಶೆರಿಲ್ ಗುಡ್‌ಮನ್ ಮತ್ತು ಸಂಗಡಿಗರು ನಡೆಸಿದ ವಿಶ್ಲೇಷಣೆಯಲ್ಲಿ ತಾಯಿಯ ಖಿನ್ನತೆಗೂ ಮಕ್ಕಳ ತೊಂದರೆಗಳಿಗೂ ಸಂಬಂಧವೇನೋ ನಿಸ್ಸಂದಿಗ್ಧವಾಗಿ ಕಂಡಿತು, ಆದರೆ ಅದರ ಪ್ರಮಾಣ ಅಲ್ಪ; ದುಃಖ ಆತಂಕಗಳಂಥ ಒಳಗುದಿಯ ವಿಷಯದಲ್ಲಿ ಮಾತ್ರ ಅದು ಹೆಣ್ಣುಮಕ್ಕಳಲ್ಲಿ ಹೆಚ್ಚು ಬಲವಾಗಿತ್ತು.

ಭಾರತದಲ್ಲಿ ಪ್ರಶ್ನೆ ತಿರುಗುಮುರುಗಾಯಿತು. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವೆಯಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 23 ಬಾಣಂತಿಯರು ಖಿನ್ನರಾಗಿದ್ದರು. ಹುಟ್ಟಿದ ಮಗು ಗಂಡೋ ಹೆಣ್ಣೋ ಎಂಬುದೇ, ಹಸಿವು ಮತ್ತು ಗಂಡನ ಹಿಂಸೆಯೊಡನೆ ಕೂಡಿ, ತಾಯಿಯ ಮನಃಸ್ಥಿತಿಯನ್ನು ನಿರ್ಣಯಿಸುತ್ತಿತ್ತು. ಮಗುವಿನ ಲಿಂಗವನ್ನು ಕೇವಲ ಪರಿಣಾಮದ ಕಡೆಯಿಂದ ನೋಡುವ ಪಾಶ್ಚಾತ್ಯ ಗ್ರಂಥಗಳಲ್ಲಿ ಈ ಅಂಶಕ್ಕೆ ಸಲ್ಲಬೇಕಾದ ಸ್ಥಾನ ಸಂದಿಲ್ಲ.

ಚಿಕಿತ್ಸೆಯ ಸಾಕ್ಷ್ಯ ಹೆಚ್ಚು ಆಶಾದಾಯಕವಾದುದು. 2006ರಲ್ಲಿ ಮಿರ್ನಾ ವೈಸ್‌ಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಕಂಡಂತೆ, ಔಷಧೋಪಚಾರದಿಂದ ಮೂರು ತಿಂಗಳೊಳಗೆ ಗುಣಮುಖರಾದ ತಾಯಂದಿರ ಮಕ್ಕಳಲ್ಲಿ ಮನೋವ್ಯಾಧಿಗಳು ಶೇ. 11ರಷ್ಟು ತಗ್ಗಿದರೆ, ಗುಣವಾಗದವರ ಮಕ್ಕಳಲ್ಲಿ ಸುಮಾರು ಶೇ. 8ರಷ್ಟು ಹೆಚ್ಚಿದವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಆರಂಭವಾದ ತಾಯಿ-ಶಿಶು ವಿಭಾಗದಲ್ಲಿ ಬಾಣಂತಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೇ ದಾಖಲಿಸಿಕೊಳ್ಳುತ್ತಾರೆ.