ಅಂಗುಳ ವಿಸ್ತರಣೆ ಮತ್ತು ದವಡೆ ಶಸ್ತ್ರಚಿಕಿತ್ಸೆಯಲ್ಲಿ ಉಚ್ಚಾರಣಾ ವ್ಯತ್ಯಾಸ

ಅಂಗುಳ ವಿಸ್ತರಣೆ ಎಂದರೆ ಕಿರಿದಾದ ಮೇಲ್ದವಡೆಯನ್ನು ತಿರುಪುಳ್ಳ ಸಾಧನದಿಂದ ಅಗಲಗೊಳಿಸುವ ದಂತಚಿಕಿತ್ಸೆ. ಸಾಮಾನ್ಯವಾಗಿ ತಿರುಪಿನ ಪ್ರತಿ ಕಾಲುಸುತ್ತಿಗೆ ಸಾಧನವು ಸುಮಾರು 0.25 ಮಿ.ಮೀ. ಹಿಗ್ಗುತ್ತದೆ, ಹೊಸ ಮೂಳೆ ಗಟ್ಟಿಯಾಗುವವರೆಗೆ ಅದನ್ನು ಕೆಲವು ತಿಂಗಳು ಬಾಯಲ್ಲೇ ಉಳಿಸಲಾಗುತ್ತದೆ.

ಕನ್ನಡದ ವರ್ಗೀಯ ವ್ಯಂಜನಗಳು ಉಚ್ಚಾರಣಾ ಸ್ಥಾನದ ಕ್ರಮದಲ್ಲಿಯೇ ಜೋಡಣೆಗೊಂಡಿರುವುದರಿಂದ ತೊಡಕು ಎಲ್ಲಿ ಬರುವುದೆಂದು ವರ್ಣಮಾಲೆಯಿಂದಲೇ ಬಹುಮಟ್ಟಿಗೆ ಊಹಿಸಬಹುದು. ನಾಲಿಗೆ ತಾಗುವ ಜಾಗವನ್ನು ಸಾಧನ ಆವರಿಸುವುದರಿಂದ ಚ, ಜ, ಶ ಎಂಬ ತಾಲವ್ಯಗಳೂ ಟ, ಡ, ಣ, ಳ ಎಂಬ ಮೂರ್ಧನ್ಯಗಳೂ ಅಸ್ಪಷ್ಟವಾಗಬಹುದು. ವಿಜಯಪುರ ಸೀಮೆಯ ನಿತ್ಯದ ಮಾತಾದ 'ಜೋಳ'ದಲ್ಲಿ ಇವೆರಡೂ ಸೇರಿವೆ. ಮುಂದಿನ ಹಲ್ಲುಗಳ ನಡುವೆ ತಾತ್ಕಾಲಿಕವಾಗಿ ಮೂಡುವ ಸಂದಿಯಿಂದ ಸಕಾರದಲ್ಲಿ ಗಾಳಿ ಸೋರುತ್ತದೆ. ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ದಿನವೂ ನಿಧಾನವಾಗಿ ಗಟ್ಟಿಯಾಗಿ ಓದುವುದು ಸಹಾಯಕ.

ಶಸ್ತ್ರಚಿಕಿತ್ಸೆಯ ಪರಿಣಾಮ ಬೇರೆ ಬಗೆಯದು. ಕೆಳದವಡೆಯ ನರಕ್ಕೆ ಪೆಟ್ಟಾದರೆ ಕೆಳತುಟಿ ಜೋಮು ಹಿಡಿದು ಪ, ಬ, ಮ ಸಡಿಲಗೊಳ್ಳಬಹುದು. ದವಡೆಗಳನ್ನು ರಬ್ಬರ್ ಬ್ಯಾಂಡಿನಿಂದ ಬಂಧಿಸಿದ ದಿನಗಳಲ್ಲಿ ಬರೆದು ತಿಳಿಸುವುದೇ ಸುಲಭ. ಬಾಯಿಯ ವ್ಯಾಯಾಮವನ್ನು ಶಸ್ತ್ರವೈದ್ಯರ ಒಪ್ಪಿಗೆಯ ನಂತರವೇ ಆರಂಭಿಸಬೇಕು.

ಮೇಲ್ದವಡೆಯನ್ನು ಮುಂದಕ್ಕೆ ಸರಿಸಿದಾಗ ಮೃದು ಅಂಗುಳವು ಗಂಟಲಿನ ಹಿಂಗೋಡೆಯನ್ನು ಸರಿಯಾಗಿ ಮುಟ್ಟದೆ ಮಾತು ಮೂಗಿನಿಂದ ಹೊರಡಬಹುದು. ಸೀಳಂಗುಳವಿದ್ದವರಲ್ಲಿ ಈ ಸಂಭವ ಹೆಚ್ಚು. ಇದು ಕೇವಲ ಅಭ್ಯಾಸದ ಕೊರತೆಯಲ್ಲವಾದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ವಾಕ್‌ತಜ್ಞರಿಂದ ಮಾತಿನ ಪರೀಕ್ಷೆ ಮಾಡಿಸುವುದು ಅಗತ್ಯ. ಇಂತಹ ಪರೀಕ್ಷೆ ಹಾಗೂ ಚಿಕಿತ್ಸೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದೊರೆಯುತ್ತದೆ.