ಹೆಸರು ಬದಲಾಯಿಸಿದ್ದೀರಾ?

ನಾವಿರುವುದು ಅಮೆರಿಕದಲ್ಲಿ. ಪಕ್ಕದ ಮನೆಯಲ್ಲಿ ಎಂಬತ್ತರ ಆಸುಪಾಸಿನ ಯಹೂದಿ ಅಜ್ಜಿಯೊಬ್ಬರು ಇದ್ದಾರೆ. ಹೋದ ಚಳಿಗಾಲದಲ್ಲಿ ಒಂದು ಸಂಜೆ ಬಾಗಿಲು ತಟ್ಟಿ, "ನಮ್ಮ ಸಿನಗಾಗ್‌ನಲ್ಲಿ ಒಂದು ತರಗತಿ ಶುರುವಾಗ್ತಿದೆ. ನಿಮ್ಮ ಮಗಳೂ ಈ ವರ್ಷ ಕಾಲೇಜಿಗೆ ಹೋಗ್ತಾಳಲ್ಲ, ನೀವೂ ಬನ್ನಿ" ಅಂದರು. ಕ್ಯಾಂಪಸ್ಸುಗಳಲ್ಲಿ ಯಹೂದಿ ದ್ವೇಷ, ಇಸ್ರೇಲಿನ ಜೊತೆ ಯಹೂದಿಗಳ ನಂಟು - ಇವೆರಡು ವಿಷಯ. ನನಗೂ ಇದಕ್ಕೂ ಏನು ಸಂಬಂಧ ಅಂತ ಅನ್ನಿಸಿತು. ರಾತ್ರಿ ಹೊತ್ತು ಕಾರು ಓಡಿಸೋಕೆ ಅವರಿಗೆ ಕಷ್ಟ, ಒಬ್ಬ ಡ್ರೈವರ್ ಬೇಕಿತ್ತು ಅಂತ ಆಮೇಲೆ ಗೊತ್ತಾಯ್ತು. ಹೋದೆ.

ಮೊದಲ ದಿನ ಇಸ್ರೇಲಿನ ಮಾತೇ ಬರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯ 1922ರಲ್ಲಿ ಜಾರಿಗೆ ತಂದ ಪ್ರವೇಶ ಅರ್ಜಿಯ ಬಗ್ಗೆ ಮಾತು. ಅದರಲ್ಲಿ ಜನಾಂಗ ಯಾವುದು, ಧರ್ಮ ಯಾವುದು, ತಾಯಿಯ ತವರಿನ ಹೆಸರೇನು, ತಂದೆ ಹುಟ್ಟಿದ್ದು ಎಲ್ಲಿ ಅಂತೆಲ್ಲ ಕೇಳುತ್ತಿದ್ದರು. ಇಷ್ಟು ಸಾಲದು ಅಂತ ಇನ್ನೊಂದು ಪ್ರಶ್ನೆ: ಹುಟ್ಟಿದ ಮೇಲೆ ನಿಮ್ಮ ಹೆಸರನ್ನಾಗಲೀ ನಿಮ್ಮ ತಂದೆಯ ಹೆಸರನ್ನಾಗಲೀ ಬದಲಾಯಿಸಿದ್ದೀರಾ? ನನಗೆ ತಟ್ಟನೆ ನಮ್ಮೂರು ನೆನಪಾಯಿತು. ಬಾಡಿಗೆ ಮನೆ ಕೇಳಲು ಹೋದರೆ "ನಿಮ್ಮ ಪೂರ್ತಿ ಹೆಸರು? ಮೂಲ ಯಾವೂರು?" ಅಂತ ಕೇಳುತ್ತಾರಲ್ಲ, ಕೇಳುವವರಿಗೆ ಬೇಕಾದದ್ದು ಊರೂ ಅಲ್ಲ, ಹೆಸರೂ ಅಲ್ಲ.

ಹಿನ್ನೆಲೆ ಇಷ್ಟು. 1900ರ ಸುಮಾರಿಗೆ ಹಾರ್ವರ್ಡಿನ ಹೊಸ ವಿದ್ಯಾರ್ಥಿಗಳಲ್ಲಿ ಯಹೂದಿಗಳು ನೂರಕ್ಕೆ ಏಳು ಮಂದಿ. 1922ರ ಹೊತ್ತಿಗೆ ಇಪ್ಪತ್ತೊಂದು ದಾಟಿತ್ತು. ರಷ್ಯಾ, ಪೋಲೆಂಡಿನ ಕಡೆಯಿಂದ ಬಂದ ದರ್ಜಿಗಳ, ಸಣ್ಣ ಅಂಗಡಿಯವರ ಮಕ್ಕಳು ಪರೀಕ್ಷೆ ಬರೆದು ಪಾಸಾಗಿ ಬಂದುಬಿಟ್ಟರು. ಅಧ್ಯಕ್ಷ ಲೋವೆಲ್ ಶೇಕಡಾ 15ಕ್ಕೆ ಮಿತಿ ಹಾಕೋಣ ಅಂದರು. ಅವರ ತರ್ಕ ಕೇಳಿ: ಬೇಸಿಗೆಯ ಹೋಟೆಲಿಗೆ ಯಹೂದಿಗಳು ಬಂದರೆ ಹೋಟೆಲು ಹಾಳಾಗುತ್ತದೆ, ಯಾಕಂದ್ರೆ ಉಳಿದವರು ಬಿಟ್ಟುಹೋಗುತ್ತಾರೆ! ದ್ವೇಷವನ್ನು ಕಡಿಮೆ ಮಾಡೋದಕ್ಕೇ ಈ ಮಿತಿ ಅನ್ನೋದು ಅವರ ವಾದ. ಗಲಾಟೆಯಾಯಿತು. 1923ರಲ್ಲಿ ಕೋಟಾ ಬೇಡ ಅಂತ ತೀರ್ಮಾನವೂ ಆಯಿತು. ಆದರೆ 1926ರಲ್ಲಿ ಹಿಂಬಾಗಿಲಿನಿಂದ ಅದೇ ಬಂತು. ಅಂಕಗಳ ಜೊತೆ 'ನಡತೆ', 'ವ್ಯಕ್ತಿತ್ವ' ನೋಡುತ್ತೇವೆ, ಅರ್ಜಿಗೆ ಫೋಟೋ ಲಗತ್ತಿಸಿ ಅಂದರು. ಈಗ ನನ್ನ ಮಗಳು ರಾತ್ರಿಯಿಡೀ ಕೂತು ಪ್ರಬಂಧ, ಶಿಫಾರಸು ಪತ್ರ ಅಂತ ಒದ್ದಾಡುತ್ತಾಳಲ್ಲ, ಆ ಪದ್ಧತಿಯ ಒಂದು ಬೇರು ಇಲ್ಲಿದೆ.

ಹಾರ್ವರ್ಡ್ ಒಂದೇ ಅಲ್ಲ. ನ್ಯೂಯಾರ್ಕಿನ ಕೊಲಂಬಿಯಾ ಇದನ್ನು ಇನ್ನೂ ಮೊದಲೇ ಶುರುಮಾಡಿತ್ತು. ರಿಚರ್ಡ್ ಫೈನ್‌ಮನ್‌ಗೆ ಅಲ್ಲಿ ಸೀಟು ಸಿಗದೆ ಎಂಐಟಿಗೆ ಹೋದದ್ದು ಈ ಕೋಟಾದಿಂದಲೇ. ಐಸಾಕ್ ಅಸಿಮೋವ್ ಅವರನ್ನು 1935ರಲ್ಲಿ ಮುಖ್ಯ ಕ್ಯಾಂಪಸ್ಸಿಗೆ ಸೇರಿಸಿಕೊಳ್ಳದೆ, ಬ್ರೂಕ್ಲಿನ್‌ನಲ್ಲಿದ್ದ ಸೆತ್ ಲೋ ಜೂನಿಯರ್ ಕಾಲೇಜಿಗೆ ಕಳಿಸಿದರು. ಅಂಥ ಹುಡುಗರಿಗೆಂದೇ ಇದ್ದ ಪಕ್ಕದ ಪಂಕ್ತಿ ಅನ್ನಿ.

ಎರಡನೇ ವಾರದ ಕಥೆಯೇ ನನ್ನ ಮನಸ್ಸಿಗೆ ಹತ್ತಿದ್ದು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಚಾನ್ಸಿ ಬಾಲ್ಡ್‌ವಿನ್ ಅಂತ ಇಂಗ್ಲಿಷ್ ಮೇಷ್ಟ್ರು. ಕ್ರೈಸ್ತರು. ತಮ್ಮ ತರಗತಿಯ ಯಹೂದಿ ಹುಡುಗರಿಗೆ ತಮ್ಮದೇ ಗ್ರಂಥ, ಪರಂಪರೆ ಅಷ್ಟಾಗಿ ಗೊತ್ತಿಲ್ಲ ಅನ್ನೋದು ಅವರ ಗಮನಕ್ಕೆ ಬಂತು. ಇದಕ್ಕೇನಾದರೂ ಮಾಡಿ ಅಂತ ಯಹೂದಿ ಹಿರಿಯರ ಬೆನ್ನು ಬಿದ್ದರು. 1923ರಲ್ಲಿ, ಹಾರ್ವರ್ಡಿನಲ್ಲಿ ಕೋಟಾದ ಜಗಳ ನಡೆದಿದ್ದಾಗಲೇ, ಬೆಂಜಮಿನ್ ಫ್ರಾಂಕೆಲ್ ಎಂಬ ಯುವ ರಬ್ಬಿ ಅಲ್ಲಿ 'ಹಿಲೆಲ್' ಶುರುಮಾಡಿದರು. ನಾಲ್ಕೇ ವರ್ಷಕ್ಕೆ ತೀರಿಕೊಂಡರು, ಪಾಪ. ಆಮೇಲೆ ಅದನ್ನು ದೇಶದ ತುಂಬ ಹಬ್ಬಿಸಿದವರು ಇತಿಹಾಸದ ಮೇಷ್ಟ್ರು ಏಬ್ರಹಾಂ ಸಾಕರ್. ಬೈದವರಿಗೆ ಉತ್ತರ ಕೊಡೋದು ಹಿಲೆಲ್‌ನ ಮೊದಲ ಕೆಲಸ ಆಗಿರಲಿಲ್ಲ ನೋಡಿ. ಬೈಸಿಕೊಂಡ ಹುಡುಗನಿಗೆ ತಾನು ಯಾರು ಅಂತ ಕಲಿಸೋದು, ಹಬ್ಬದ ದಿನ ಕೂತು ಉಣ್ಣಲು ಒಂದು ಜಾಗ ಮಾಡಿಕೊಡೋದು. ಅಷ್ಟೇ.

ಇದರಲ್ಲಿ ಇಸ್ರೇಲ್ ಎಲ್ಲಿ ಬಂತು? ಆ ನಂಟು ಯಹೂದಿಗಳ ಪ್ರಾರ್ಥನೆಯಲ್ಲಿ, ಹಬ್ಬಗಳಲ್ಲಿ ಶತಮಾನಗಳಿಂದ ಇದೆ. ಆದರೆ ಅದು ರಾಜಕೀಯ ಆಗಬೇಕೇ ಅನ್ನೋದರಲ್ಲಿ ಅವರೊಳಗೇ ಜಗಳವಿತ್ತು. ಅಮೆರಿಕದ ಸುಧಾರಣಾವಾದಿ ರಬ್ಬಿಗಳು 1885ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸೇರಿ, ನಾವೊಂದು ಧಾರ್ಮಿಕ ಸಮುದಾಯ, ಪ್ಯಾಲೆಸ್ತೀನಿಗೆ ಮರಳುವ ನಿರೀಕ್ಷೆ ನಮಗಿಲ್ಲ ಅಂತ ಸಾರಿದ್ದರು. 1937ರಲ್ಲಿ, ಹಿಟ್ಲರ್ ಬಂದು ನಾಲ್ಕು ವರ್ಷವಾದ ಮೇಲೆ, ಅದೇ ಪಂಥದವರು ಕೊಲಂಬಸ್ ನಗರದಲ್ಲಿ ಆ ಮಾತು ಬದಲಾಯಿಸಿದರು. 1948ರಲ್ಲಿ ಇಸ್ರೇಲ್ ಹುಟ್ಟಿತು. ಅದೇ ವರ್ಷ ಸಾಕರ್, ಕೋಟಾ ಇಲ್ಲದ ಬ್ರಾಂಡೈಸ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾದರು. 1967ರ ಯುದ್ಧದ ನಂತರ ನಂಟು ಇನ್ನೂ ಬಿಗಿಯಾಯಿತು. 1999ರ ಡಿಸೆಂಬರಿನಿಂದ ಬರ್ತ್‌ರೈಟ್ ಯೋಜನೆಯಲ್ಲಿ ಯುವಕ ಯುವತಿಯರನ್ನು ಹತ್ತು ದಿನ ಪುಕ್ಕಟೆ ಇಸ್ರೇಲಿಗೆ ಕರೆದೊಯ್ಯುತ್ತಿದ್ದಾರೆ.

ಆಮೇಲಿನದು ತೊಡಕಿನ ಕಥೆ. ಇಸ್ರೇಲನ್ನು ಯಹೂದಿ, ಪ್ರಜಾಪ್ರಭುತ್ವ ರಾಷ್ಟ್ರವಾಗಿ ಒಪ್ಪದವರನ್ನು, ಬಹಿಷ್ಕಾರಕ್ಕೆ ಕರೆ ಕೊಡುವವರನ್ನು ನಮ್ಮ ವೇದಿಕೆಗೆ ಕರೆಯುವುದಿಲ್ಲ ಅಂತ ಹಿಲೆಲ್ 2010ರಲ್ಲಿ ನಿಯಮ ಮಾಡಿತು. ಸ್ವಾರ್ಥ್‌ಮೋರ್ ಕಾಲೇಜಿನ ಯಹೂದಿ ವಿದ್ಯಾರ್ಥಿಗಳು 2013ರಲ್ಲಿ ಅದನ್ನು ಒಪ್ಪಲಿಲ್ಲ. 2015ರಲ್ಲಿ ಹಿಲೆಲ್ ಅನ್ನೋ ಹೆಸರನ್ನೇ ಬಿಟ್ಟರು. ತನ್ನ ದೇಶವೇ ಇರಬಾರದು ಅನ್ನುವವರಿಗೆ ತನ್ನ ಮನೆಯಲ್ಲೇ ಯಾಕೆ ಮೈಕು ಕೊಡಬೇಕು ಅನ್ನೋದು ನ್ಯಾಯವಾದ ಪ್ರಶ್ನೆ. ಆದರೆ ಪ್ರಶ್ನೆ ಕೇಳುವ ಮಕ್ಕಳೂ ಅದೇ ಮನೆಯವರಲ್ಲವೇ? ಈ ವಿಷಯದಲ್ಲಿ ನನ್ನ ಮನಸ್ಸು ಹುಡುಗರ ಕಡೆಗೇ ವಾಲುತ್ತದೆ.

2023ರ ಅಕ್ಟೋಬರ್ 7ರ ಹಮಾಸ್ ದಾಳಿ, ನಂತರದ ಗಾಜಾ ಯುದ್ಧ ಆದ ಮೇಲೆ ಇದು ಕೊಠಡಿಯೊಳಗಿನ ಚರ್ಚೆಯಾಗಿ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಅದೇ ಕೊಲಂಬಿಯಾದಲ್ಲಿ ಪ್ರತಿಭಟನಾಕಾರರು ಡೇರೆ ಹಾಕಿದ್ದರು. ಒಬ್ಬ ರಬ್ಬಿ ಯಹೂದಿ ವಿದ್ಯಾರ್ಥಿಗಳಿಗೆ, ಇಲ್ಲಿ ನಿಮಗೆ ಸುರಕ್ಷತೆಯಿಲ್ಲ, ಮನೆಗೆ ಹೋಗಿಬಿಡಿ ಅಂತ ಸಂದೇಶ ಕಳಿಸಿದರು. ಮರುದಿನವೇ ಪಾಸ್‌ಓವರ್ ಹಬ್ಬ. ಆ ಡೇರೆಗಳ ನಡುವೆಯೇ ಒಂದಿಷ್ಟು ಯಹೂದಿ ವಿದ್ಯಾರ್ಥಿಗಳು ಹಬ್ಬದ ಊಟಕ್ಕೆ ಕೂತಿದ್ದರು. ಹೆದರಿ ಮನೆಗೆ ಹೋದ ಹುಡುಗಿಯ ಭಯ ನಿಜ. ಹುಲ್ಲಿನ ಮೇಲೆ ಕೂತವನೂ ಯಹೂದಿಯೇ.

ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬರು ಎದ್ದುಹೋದರು. ಇನ್ನೊಬ್ಬರು ಜೋರಾಗಿ ಅತ್ತರು, ಅವರ ಮಗಳು ಅಲ್ಲೇ ಓದುತ್ತಿದ್ದಾಳಂತೆ. ಕಲಿಸುತ್ತಿದ್ದವರು ಸುಮ್ಮನೆ ನೀರಿನ ಬಾಟಲಿ ಮುಂದೆ ಸರಿಸಿದರು.

ವಾಪಸು ಬರುವಾಗ ಅಜ್ಜಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮಪ್ಪ ಹೆಸರು ಬದಲಾಯಿಸಿಕೊಂಡಿದ್ದ. ಮೊಮ್ಮಗ ಈಗ ಹಳೇ ಹೆಸರು ಇಟ್ಟುಕೊಳ್ತೀನಿ ಅಂತಾನೆ" ಅಂದರು. ಸಂತೋಷವೋ ಹೆದರಿಕೆಯೋ ಗೊತ್ತಾಗಲಿಲ್ಲ. ನಾನೂ ಕೇಳಲಿಲ್ಲ. ಮುಂದಿನ ತರಗತಿ ಮಂಗಳವಾರ, ಆರೂವರೆಗೇ ಹಾರ್ನ್ ಹೊಡಿ ಅಂದಿದ್ದಾರೆ.